ಹೆಸರಿನ ಮೇಲಿನ ಗೆರೆ

ಬಾಯಾನ್ ಲೆಪಾಸ್, ಪಿನಾಂಗ್
12 ಜೂನ್ 1988

ಲಿಯೋಂಗ್,

ಬದುಕಿದ್ದೀಯಾ? ಹೊಸ ವರ್ಷದ ಹಬ್ಬಕ್ಕೆ ಕಾರ್ಡು ಹಾಕಿದ್ದೆ. ಉತ್ತರವಿಲ್ಲ. ಅಕ್ಕನಿಗೆ ನಾಲ್ಕು ಸಾಲು ಬರೆಯಲು ಪುರುಸೊತ್ತಿಲ್ಲದವನು ನೊರ್ಮಾಳ ಗಂಡನಿಗೆ ಪುಟಗಟ್ಟಲೆ ಬರೆದಿದ್ದೀಯಂತೆ. ಫ್ಯಾಕ್ಟರಿಯಲ್ಲಿ ನನ್ನ ಪಕ್ಕದ ಮೇಜಿನವಳು ನೊರ್ಮಾ, ನೆನಪಿದೆ ತಾನೆ? ಊಟದ ಹೊತ್ತಿನಲ್ಲಿ ಎಲ್ಲರೆದುರು ಕೇಳಿದಳು: "ಅಕ್ಕಾ, ನಿಮ್ಮ ತಮ್ಮ ಆಸ್ಪತ್ರೆ ಕಾವುಪೆಟ್ಟಿಗೆ ರಿಪೇರಿಗೆ ಚಿಪ್ ಹುಡುಕ್ತಿದಾನಂತೆ, ನಿಮಗೆ ಗೊತ್ತಿಲ್ವಾ?" ಗೊತ್ತಿಲ್ಲದೆ ಏನು ಎಂದು ಸುಳ್ಳು ಹೇಳಿ ಅನ್ನ ನುಂಗಿದೆ.

ಇಬ್ಬರೂ ಮುಖ ತಿರುಗಿಸಿಕೊಂಡು ಕೂತರೆ ಯಾರಾದರೊಬ್ಬರು ಮೊದಲು ತಿರುಗಬೇಕಲ್ಲ. ದೊಡ್ಡವಳು ನಾನು. ತಿರುಗಿದ್ದೇನೆ. ಅಪ್ಪ ಅಮ್ಮ ಹೋದ ಮೇಲೆ ನಿನ್ನನ್ನು ಸಾಕಿದವಳು, ಈ ಫ್ಯಾಕ್ಟರಿಯಲ್ಲಿ ಕೆಲಸ ಕೊಡಿಸಿದವಳು ಎಂದು ಮತ್ತೆ ಹಳೇ ರಾಗ ತೆಗೆಯುವುದಿಲ್ಲ. ಕೆಲಸ ಬಿಟ್ಟು ಆ ಕಾಡಿಗೆ ಹೋದೆ. ಹೋದೆ, ಮುಗಿಯಿತು.

ಇದರ ಜೊತೆಗಿನ ಪೊಟ್ಟಣದಲ್ಲಿ ಐದಾರು ಚಿಪ್ಪುಗಳಿವೆ. ಸ್ಯಾಂಪಲ್ ಎಂದು ಹಂಚಿದವು, ಕದ್ದವಲ್ಲ. ನಮ್ಮ ವಿಭಾಗದಲ್ಲೇ ತಯಾರಾದ ಅದರ ಕೈಪಿಡಿಯೂ ಇದೆ, ಇದೇ ಮಾರ್ಚಿನಲ್ಲಿ ಅಚ್ಚಾದದ್ದು. ದಯವಿಟ್ಟು ಮೊದಲ ಪುಟ ಓದು. "ಈ ಪುಸ್ತಕದಲ್ಲಿ ಬಳಸಿದ ರೂಢಿಗಳು" ಎಂಬ ಪುಟ. ಯಾರೂ ಅದನ್ನು ಓದುವುದಿಲ್ಲ, ಆಮೇಲೆ ಚಿಪ್ ಕೆಟ್ಟದ್ದು ಎಂದು ಬಾಯಿ ಬಡಿದುಕೊಳ್ಳುತ್ತಾರೆ. ನಮ್ಮಲ್ಲಿ ಎಣಿಕೆ ಶುರುವಾಗುವುದೇ ಸೊನ್ನೆಯಿಂದ. ನಮ್ಮಲ್ಲಿ ಸಾವಿರ ಅಂದರೆ ಸಾವಿರದ ಇಪ್ಪತ್ತನಾಲ್ಕು. ಇದನ್ನು ಮಾರ್ಕೆಟಿನ ಮೀನಿನವಳಿಗೆ ಹೇಳಿದ್ದೆ. "ಅಯ್ಯೋ ತಾಯಿ, ತಕ್ಕಡಿಗೂ ಆ ರೂಢಿ ಬರುತ್ತಾ?" ಎಂದು ಕೇಳಿದಳು.

ಮುಖ್ಯವಾದದ್ದು ಗೆರೆ. ಚಿಪ್ಪಿನ ಲೋಹದ ಕಾಲಿನ, ಅಂದರೆ ಪಿನ್ನಿನ, ಹೆಸರಿನ ತಲೆಯ ಮೇಲೆ ಗೆರೆ ಇದ್ದರೆ ಸೊನ್ನೆ ವೋಲ್ಟಿಗೆ ಆ ಕೆಲಸ ನಡೆಯುತ್ತದೆ. ಗೆರೆ ಇಲ್ಲದಿದ್ದರೆ ಐದು ವೋಲ್ಟಿಗೆ. ಇದಕ್ಕಿಂತ ಹೆಚ್ಚು ನಾವು ವಿವರಿಸುವುದಿಲ್ಲ, ಹೆಸರೇ ಎಲ್ಲ ಹೇಳಬೇಕು. ಈ ಗೆರೆಗಳನ್ನು ಅಕ್ಷರದ ಜೊತೆ ಅಚ್ಚು ಹಾಕಲು ಆಗದು. ನೊರ್ಮಾ ಕೂದಲೆಳೆಯಂಥ ಕಪ್ಪು ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ ಒಂದೊಂದೇ ಹೆಸರಿನ ಮೇಲೆ ಅಂಟಿಸುತ್ತಾಳೆ. ನಾನು ಭೂತಗನ್ನಡಿ ಹಿಡಿದು ನೋಡಿ ಹಾಳೆಯ ಮೂಲೆಯಲ್ಲಿ ಸಹಿ ಹಾಕುತ್ತೇನೆ. ಆಮೇಲೆ ಹಾಳೆ ಕ್ಯಾಮೆರಾ ಕೋಣೆಗೆ ಹೋಗಿ, ಫೋಟೋ ಆಗಿ, ಪುಸ್ತಕವಾಗುತ್ತದೆ. ಹೀಗೆ ಗೆರೆ ನೋಡಿ ನೋಡಿಯೇ ನನ್ನ ಕಣ್ಣು ಹೋಗುವುದು.

ನಿನ್ನ ಹೆಂಡತಿಗೆ ನಾನು ಕೇಳಿದೆನೆಂದು ಹೇಳು.

ನಿನ್ನ ಅಕ್ಕ,
ಗೈಕ್ ಸಿಮ್

*

ಲಂಗೀರ್, ಸರವಾಕ್
3 ಜುಲೈ 1988

ಅಕ್ಕಾ,

ಬದುಕಿದ್ದೇನೆ. ಬೈಗುಳ ಕೇಳಿ ಜೀವ ಬಂದ ಹಾಗಾಯಿತು. ಕಾರ್ಡು ಬಂದಿತ್ತು. ಉತ್ತರ ಬರೆಯಲು ಎಷ್ಟು ಸಲ ಕೂತೆ ಎಂದು ನನ್ನ ಹೆಂಡತಿ ಮೀ ಹ್ವಾಳನ್ನು ಕೇಳು. "ಅಕ್ಕಾ" ಎಂದು ಬರೆಯುವುದು, ಆಮೇಲೆ ಪೆನ್ನು ಮುಂದಕ್ಕೆ ಹೋಗದು. ಇವತ್ತು ಬರೆಯಲು ವಿಷಯವಿದೆ, ಅದಕ್ಕೇ ಧೈರ್ಯ.

ನೀನು ಕಳಿಸಿದ ಚಿಪ್ಪಿನಿಂದ ಕಾವುಪೆಟ್ಟಿಗೆಗೆ ಜೀವ ಬಂತು. ಇಡೀ ಹೊಳೆಯ ಮೇಲುಭಾಗಕ್ಕೆ ಇರುವುದು ಇದೊಂದೇ ಪೆಟ್ಟಿಗೆ. ದಿನ ತುಂಬದೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವುದಕ್ಕೆ ಬೇರೆ ದಾರಿಯಿಲ್ಲ. ಅದರ ಒಳಗಿನ ಸರ್ಕ್ಯೂಟು ಸುಟ್ಟು ವರ್ಷವಾಗಿತ್ತು. ಹೊರದೇಶದ ಕಂಪನಿಯವರು ಹೊಸ ಪೆಟ್ಟಿಗೆಯನ್ನೇ ಕೊಳ್ಳಿ ಎಂದರು. ಮಿಷನ್ ಆಸ್ಪತ್ರೆಯ ಹತ್ತಿರ ಅಷ್ಟು ಎಲ್ಲಿದೆ? ನಾನೇ ಬೋರ್ಡು ಮಾಡಿದೆ. ಚಿಪ್ಪು ಉಷ್ಣ ಅಳೆಯುತ್ತದೆ, ಕಡಿಮೆಯಾದರೆ ಹೀಟರ್ ಹಚ್ಚುತ್ತದೆ, ಸಾಕಾದರೆ ಆರಿಸುತ್ತದೆ.

ನನಗೆ ಬಹಳ ಇಷ್ಟವಾದದ್ದು ಚಿಪ್ಪಿನ ಒಳಗೇ ಇರುವ ಕಾವಲುಗಾರ. ಪ್ರೋಗ್ರಾಮು ಆಗಾಗ ಇವನ ಬೆನ್ನು ತಟ್ಟುತ್ತಿರಬೇಕು. ತಟ್ಟುವುದು ನಿಂತರೆ, ಪ್ರೋಗ್ರಾಮು ಎಲ್ಲೋ ಸಿಕ್ಕಿಕೊಂಡು ಮರಗಟ್ಟಿದೆ ಎಂದು ತಿಳಿದು, ಕಾವಲುಗಾರ ಗಂಟೆ ಬಾರಿಸಿ, ಅದರ ಕಿವಿ ಹಿಂಡಿ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಾನೆ. ಥೇಟ್ ನಿನ್ನ ಹಾಗೆ! ಕಾವಲುಗಾರನನ್ನು ನಿಲ್ಲಿಸುವ ಪಿನ್ ಒಂಬತ್ತನೆಯದು. ಮೊದಲ ಪುಟ ಓದಿದೆ, ಖುಷಿಯಾಯಿತಾ? ಒಂಬತ್ತರ ಹೆಸರಿನ ಮೇಲೆ ಗೆರೆ ಇಲ್ಲ. ಅಂದರೆ ಐದು ವೋಲ್ಟ್ ಕೊಟ್ಟರೆ ಅವನು ನಿಲ್ಲುತ್ತಾನೆ. ಅದಕ್ಕೇ ಅದನ್ನು ಭದ್ರವಾಗಿ ಗ್ರೌಂಡಿಗೆ, ಅಂದರೆ ಸೊನ್ನೆ ವೋಲ್ಟಿಗೆ, ಬೆಸೆದುಬಿಟ್ಟೆ, ಎಂದೂ ಮಲಗದ ಹಾಗೆ.

ಹಗಲೆಲ್ಲ ನನ್ನ ರಿಪೇರಿ ಶೆಡ್ಡಿನಲ್ಲಿ ಹಚ್ಚಿಟ್ಟು ನೋಡಿದೆ. ಉಷ್ಣ ಅತ್ತಿತ್ತ ಅಲ್ಲಾಡಲಿಲ್ಲ. ಕಾವಲುಗಾರ ಒಮ್ಮೆಯೂ ಗಂಟೆ ಹೊಡೆಯಲಿಲ್ಲ, ಹೊಡೆಯುವಂಥದ್ದೇನೂ ನಡೆಯಲಿಲ್ಲ. ನರ್ಸ್ ಬುಲಾನ್ ಪೆಟ್ಟಿಗೆ ಒರೆಸಿ, ಬಿಳಿ ಬಟ್ಟೆ ಹಾಸಿ ಇಟ್ಟಿದ್ದಾಳೆ. ಸದ್ಯ ಖಾಲಿ. ಖಾಲಿ ಇದ್ದರೇ ಒಳ್ಳೆಯದು ಬಿಡು.

ಇನ್ನೊಂದು ಸುದ್ದಿ ಇದೆ. ಮೀ ಹ್ವಾ ಈಗಲೇ ಬರೆಯಬೇಡ ಎನ್ನುತ್ತಾಳೆ. ಅವಳು ನಿನ್ನನ್ನು ಕೇಳಿದಳು.

ನಿನ್ನ ತಮ್ಮ,
ತೇಕ್ ಲಿಯೋಂಗ್

*

ಬಾಯಾನ್ ಲೆಪಾಸ್
16 ಜುಲೈ 1988

ಲಿಯೋಂಗ್,

ಇದನ್ನು ನಿಂತಲ್ಲೇ ಓದು. ಒಂಬತ್ತನೆಯ ಪಿನ್ನನ್ನು ಗ್ರೌಂಡಿನಿಂದ ಬಿಡಿಸು. ಐದು ವೋಲ್ಟಿಗೆ ಬೆಸೆ. ಅದು ಮುಗಿಯುವವರೆಗೆ ಪೆಟ್ಟಿಗೆಯಲ್ಲಿ ಯಾರ ಮಗುವನ್ನೂ ಮಲಗಿಸಬೇಡ. ಹೋಗು, ಮಾಡಿ ಬಂದು ಆಮೇಲೆ ಮುಂದೆ ಓದು.

ನಿನ್ನ ಕಾಗದವನ್ನು ಬಸ್ಸಿನಲ್ಲಿ ಓದುತ್ತಿದ್ದೆ. ನೀನು ನನ್ನನ್ನು ಕಾವಲುಗಾರ ಎಂದದ್ದಕ್ಕೆ ನಗುತ್ತಿದ್ದೆ ಕೂಡ. "ಗೆರೆ ಇಲ್ಲ" ಎಂಬಲ್ಲಿಗೆ ಬಂದಾಗ ನಗು ನಿಂತಿತು. ಆ ಪಿನ್ನಿಗೆ ಗೆರೆ ಇದೆ, ಲಿಯೋಂಗ್. ನಾನು ನೋಡಿ ಸಹಿ ಹಾಕಿದ ಹಾಳೆ ಅದು. ಫ್ಯಾಕ್ಟರಿಗೆ ಹೋದವಳೇ ಪುಸ್ತಕ ತೆರೆದೆ. ಪುಸ್ತಕದಲ್ಲಿ ಗೆರೆ ಇಲ್ಲ. ಬೇರೆ ಪ್ರತಿ ತೆಗೆದೆ, ಇಲ್ಲ. ಕಪಾಟಿನಲ್ಲಿದ್ದ ಪ್ರತಿಯೊಂದರಲ್ಲೂ ಇಲ್ಲ.

ನೊರ್ಮಾ ಉಗ್ರಾಣದಿಂದ ಮೂಲ ಹಾಳೆಗಳ ಕಟ್ಟು ತಂದಳು. ನನ್ನ ಸಹಿ ಇದ್ದ ಹಾಳೆಯಲ್ಲಿ ಆ ಹೆಸರಿನ ತಲೆ ಬೋಳಾಗಿತ್ತು. ಅದರ ಮೇಲಿದ್ದ ಹಾಳೆಯನ್ನು ಅವಳು ತಿರುಗಿಸಿದಳು. ಬೆನ್ನಿಗೆ ಆ ಗೆರೆ ಅಂಟಿಕೊಂಡಿತ್ತು. ಫೆಬ್ರವರಿಯಲ್ಲಿ ನಮ್ಮ ಕೋಣೆಯ ಏರ್‌ಕಂಡೀಷನ್ ಕೆಟ್ಟಿತ್ತು. ಸೆಕೆಗೆ ಅಂಟು ಮೆತ್ತಗಾಗಿದೆ, ಹಾಳೆಯ ಮೇಲೆ ಹಾಳೆ ಪೇರಿಸಿದಾಗ ಗೆರೆ ಎದ್ದುಹೋಗಿದೆ, ಬೋಳು ಹಾಳೆ ಕ್ಯಾಮೆರಾಕ್ಕೆ ಹೋಗಿದೆ. ನೊರ್ಮಾ ಕೂತಲ್ಲೇ ಅಳತೊಡಗಿದಳು. ನಾನು ಎರಡೂ ಹಾಳೆಗಳನ್ನು ಎತ್ತಿಕೊಂಡು ಎದ್ದೆ.

ಅರ್ಥವಾಯಿತು ತಾನೆ? ಕಾವಲುಗಾರ ಮಲಗಬಾರದೆಂದು ನೀನು ಗ್ರೌಂಡಿಗೆ ಬೆಸೆದೆ. ಅದರಿಂದಲೇ ಅವನನ್ನು ಮಲಗಿಸಿದ್ದೀಯ. ಗಂಟೆ ಹೊಡೆಯಲಿಲ್ಲ ಎಂದು ಬರೆದಿದ್ದೆಯಲ್ಲ, ಅವನು ಹೊಡೆಯುವ ಸ್ಥಿತಿಯಲ್ಲೇ ಇಲ್ಲ. ಎಲ್ಲ ಸರಿಯಿರುವವರೆಗೆ ಪೆಟ್ಟಿಗೆ ಸರಿಯಾಗಿಯೇ ಇರುತ್ತದೆ. ಪ್ರೋಗ್ರಾಮು ಒಮ್ಮೆ ಮರಗಟ್ಟಿತೋ, ಹೀಟರ್ ಉರಿಯುತ್ತಿದ್ದರೆ ಉರಿಯುತ್ತಲೇ ಇರುತ್ತದೆ.

ನಮ್ಮ ವಿಭಾಗದ ಯಜಮಾನ ಯಾಪ್ ಅವರಿಗೆ ಹೇಳಿದೆ. "ಒಂದು ಕೂದಲೆಳೆ ಉದುರಿದ್ದಕ್ಕೆ ಊರೆಲ್ಲ ಡಂಗುರ ಹೊಡೀಬೇಕೇನಮ್ಮಾ? ಮುಂದಿನ ಮುದ್ರಣದಲ್ಲಿ ಸರಿ ಮಾಡೋಣ. ಬೋರ್ಡ್ ಮಾಡಿದೋರು ಪರೀಕ್ಷೆ ಮಾಡ್ದೇ ಇರ್ತಾರಾ?" ಎಂದರು.

"ಇರ್ತಾರೆ ಸರ್. ನನ್ನ ತಮ್ಮನೇ ಮಾಡಿಲ್ಲ."

"ನಿನ್ನ ತಮ್ಮನಿಗೆ ಬರಿ ಹಾಗಾದ್ರೆ," ಎಂದು ಫೈಲು ಎಳೆದುಕೊಂಡರು. ಬರೆಯುತ್ತಿದ್ದೇನೆ. ತಂತಿ ಕೊಡೋಣವೆಂದುಕೊಂಡೆ, ತಂತಿ ಎಂದರೆ ಅಲ್ಲಿ ಯಾರೋ ಸತ್ತರೆಂದು ಮೀ ಹ್ವಾ ಗಾಬರಿಯಾದಾಳು. ಪೆಟ್ಟಿಗೆ ಖಾಲಿ ಇದೆ ಎಂದು ನೀನೇ ಬರೆದಿದ್ದೀಯ. ಎಕ್ಸ್‌ಪ್ರೆಸ್ ಟಪಾಲು ಸಾಕು.

ಬೆಸೆದ ಕೂಡಲೇ ಒಂದು ಸಾಲು ಬರೆ. ಆ ಸಾಲು ಬರುವವರೆಗೆ ನನಗೆ ಅನ್ನ ಇಳಿಯುವುದಿಲ್ಲ.

ಅಕ್ಕ

*

ಲಂಗೀರ್
18 ಜುಲೈ 1988

ಅಕ್ಕಾ,

ಬರೆಯುವುದಿಲ್ಲ ಎಂದಿದ್ದ ಸುದ್ದಿ ತಾನಾಗಿಯೇ ಹೊರಬಿತ್ತು. ನನಗೆ ಮಗಳು ಹುಟ್ಟಿದ್ದಾಳೆ. ಎರಡು ತಿಂಗಳು ಮುಂಚೆ, ಶುಕ್ರವಾರ.

ಮೊದಲೇ ಹೇಳಲಿಲ್ಲವೆಂದು ಬೇಸರಪಟ್ಟುಕೊಳ್ಳಬೇಡ. ಹೋದ ವರ್ಷ ಒಂದು ನಿಲ್ಲಲಿಲ್ಲ. ಅದನ್ನೂ ನಿನಗೆ ಬರೆದಿರಲಿಲ್ಲ. ಈ ಸಲ ಕೈಗೆ ಬರುವವರೆಗೆ ಯಾರಿಗೂ ಬೇಡ ಎಂದು ಮೀ ಹ್ವಾ ಆಣೆ ಹಾಕಿಸಿಕೊಂಡಿದ್ದಳು.

ಅಂಗೈಯಲ್ಲಿ ಹಿಡಿಸುತ್ತಾಳೆ ಅಕ್ಕಾ. ಬೆರಳುಗಳು ಸೀಗಡಿ ಮೀಸೆಯ ಹಾಗಿವೆ. ಚರ್ಮದೊಳಗಿನ ನರ ಕಾಣುತ್ತದೆ. ಅತ್ತರೆ ಸದ್ದೇ ಬರುವುದಿಲ್ಲ, ಬಾಯಿ ಮಾತ್ರ ತೆರೆಯುತ್ತದೆ. ಹುಟ್ಟಿದ ಕೂಡಲೇ ನರ್ಸ್ ಬುಲಾನ್ ಅವಳನ್ನು ಬಟ್ಟೆಯಲ್ಲಿ ಸುತ್ತಿ ಓಡಿದಳು. ಎಲ್ಲಿಗೆ ಎಂದು ಹೇಳಬೇಕೇ? ನಾನು ಬೆಸೆದ ಪೆಟ್ಟಿಗೆಗೆ. ಯಾರೋ ಹೊಳೆಯಾಚೆಯ ಮಕ್ಕಳಿಗೆಂದು ಮಾಡಿದ್ದು, ಮೊದಲು ಮಲಗಿದವಳು ನನ್ನ ಮಗಳು.

ಡಾಕ್ಟರನ್ನು ಕೇಳಿದರೆ "ಬೆಚ್ಚಗಿರ್ಲಿ, ನೋಡೋಣ," ಇಷ್ಟೇ. ಹೆಸರಿಟ್ಟಿಲ್ಲ, ತಿಂಗಳು ತುಂಬಲಿ. ಮೀ ಹ್ವಾ ಅವಳನ್ನು ನಾಯಿಮರಿ ಎನ್ನುತ್ತಾಳೆ, ಕೇಳಿಸಿಕೊಳ್ಳುವವರು ಯಾರಾದರೂ ಇದ್ದರೆ ಇದು ಒಯ್ಯುವಂಥ ವಸ್ತುವಲ್ಲ ಎಂದುಕೊಳ್ಳಲಿ ಎಂದು. ನಾನು ನಕ್ಕೆ. ಆಮೇಲೆ ನಾನೂ ನಾಯಿಮರಿ ಎಂದೇ ಕರೆಯತೊಡಗಿದೆ. ಅತ್ತೆ ಶುಂಠಿ, ಕೆಂಪು ಅಕ್ಕಿ ಸಾರಾಯಿ ಹಾಕಿದ ಕೋಳಿ ಸಾರು ತರುತ್ತಾರೆ. ಮೀ ಹ್ವಾ ಒಂದು ಗುಟುಕು ಕುಡಿದು ಪೆಟ್ಟಿಗೆಯ ಗಾಜಿಗೆ ಹಣೆ ಹಚ್ಚಿ ಕೂರುತ್ತಾಳೆ.

ನನಗೆ ಭಯವಾಗುತ್ತದೆ ಅಕ್ಕಾ. ಅವಳ ಉಸಿರು, ಅವಳ ತೂಕ, ಅವಳಿಗೆ ಇಳಿಯದ ಹಾಲು, ಎಲ್ಲಕ್ಕೂ ಭಯ. ಭಯವಿಲ್ಲದ್ದು ಪೆಟ್ಟಿಗೆಯ ಬಗ್ಗೆ ಮಾತ್ರ. ಮುಂದಿನ ಫಲಕದ ಮೇಲೆ ಉಷ್ಣ ಮೂವತ್ತನಾಲ್ಕು ಎಂದು ಕೆಂಪಗೆ ಉರಿಯುತ್ತಿರುತ್ತದೆ, ಅದನ್ನು ನೋಡಿದಾಗ ಎದೆಯ ಭಾರ ಒಂದಿಷ್ಟು ಇಳಿಯುತ್ತದೆ. ನಿನ್ನ ಪುಸ್ತಕ ಇಲ್ಲದಿದ್ದರೆ ಈ ಹೊತ್ತಿಗೆ ನಾನು ಮಗಳನ್ನು ಮಣ್ಣು ಮಾಡಿ ಬಂದಿರುತ್ತಿದ್ದೆ. ನಿನಗೆ ಹೇಗೆ ಕೈ ಮುಗಿಯಲಿ?

ಹೊಳೆಯಲ್ಲಿ ನೀರಿಲ್ಲ. ದೊಡ್ಡ ದೋಣಿ ಮೇಲೆ ಬರುತ್ತಿಲ್ಲ, ನಮ್ಮ ಟಪಾಲೆಲ್ಲ ಕೆಳಗಿನ ಸಿಬು ಪಟ್ಟಣದಲ್ಲಿ ಬಿದ್ದಿದೆಯಂತೆ. ಪಾದ್ರಿಯೊಬ್ಬರು ಸಣ್ಣ ದೋಣಿಯಲ್ಲಿ ಕೆಳಗೆ ಹೋಗುತ್ತಿದ್ದಾರೆ, ಅವರ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ನೀನು ಬರೆದಿದ್ದರೂ ಅದು ನನಗೆ ಸಿಗುವುದು ಮಳೆ ಬಂದ ಮೇಲೆಯೇ.

ಲಿಯೋಂಗ್

*

ತಂತಿ
ಪಿನಾಂಗ್, 28 ಜುಲೈ 1988

ಮಗುವನ್ನು ಕೂಡಲೇ ಪೆಟ್ಟಿಗೆಯಿಂದ ತೆಗೆ. ಪುಸ್ತಕ ತಪ್ಪು. ಪಿನ್ ಒಂಬತ್ತು ಗ್ರೌಂಡಿಗೆ ಇರಬಾರದು. ಐದು ವೋಲ್ಟಿಗೆ ಬೆಸೆ. ಕಾವಲುಗಾರ ಮಲಗಿದ್ದಾನೆ. ಉತ್ತರ ಕೊಡು. ಅಕ್ಕ.

*

ಬಾಯಾನ್ ಲೆಪಾಸ್
28 ಜುಲೈ 1988

ಲಿಯೋಂಗ್,

ತಂತಿ ಕೊಟ್ಟು ಬಂದೆ. ಇದು ನಿನಗೆ ಸಿಗುವುದೋ ಇಲ್ಲವೋ, ಸುಮ್ಮನೆ ಕೂರಲು ಆಗದೆ ಬರೆಯುತ್ತಿದ್ದೇನೆ.

ನಿನ್ನ ಕಾಗದ ಬಂದಾಗ ಮೇಜಿನ ಮುಂದಿದ್ದೆ. "ಮಗಳು" ಎಂಬುದನ್ನು ಓದಿ ಜೋರಾಗಿ ಕೂಗಿಕೊಂಡೆನಂತೆ, ಎಲ್ಲರೂ ಎದ್ದು ಬಂದರು. "ಅಕ್ಕಾ ಅತ್ತೆ ಆದ್ರು!" ಎಂದು ನೊರ್ಮಾ ಕೈ ತಟ್ಟಿದಳು. ನಾನು ಓದುತ್ತಾ ಹೋದೆ. ನನ್ನ ಮುಖ ನೋಡಿ ಅವಳ ಕೈ ನಿಂತಿತು. ಅವಳೂ ಬಗ್ಗಿ ಪೆಟ್ಟಿಗೆಯ ಆ ಸಾಲು ಓದಿದಳು. "ಅಲ್ಲಾಹ್, ನನ್ನ ಟೇಪು," ಎಂದಳು.

ತಂತಿ ಕಚೇರಿಯ ಗುಮಾಸ್ತ ಪದ ಎಣಿಸುತ್ತಾ ಕೇಳಿದ, "ಕಾವಲುಗಾರ ಮಲಗಿದ್ದಾನೆ ಅಂದ್ರೆ ಏನಮ್ಮಾ? ಕಳ್ಳತನ ಏನಾದ್ರೂ ಆಗಿದ್ಯಾ?" ಅವನ ಕೊರಳಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. "ಕಳ್ಸಪ್ಪಾ, ಮೊದ್ಲು ಕಳ್ಸು," ಎಂದೆ. ಸಿಬುವಿನಿಂದ ಮುಂದಕ್ಕೆ ಲಂಗೀರ್ ಪೊಲೀಸ್ ಠಾಣೆಯ ರೇಡಿಯೋಗೆ ಹೇಳುತ್ತಾರಂತೆ, ಅದನ್ನು ಅಲ್ಲಿಯವರು ಕೈಯಲ್ಲಿ ಬರೆದುಕೊಳ್ಳುತ್ತಾರಂತೆ. ನನಗೆ ಅದೇ ಭಯ. ಒಂಬತ್ತನ್ನು ಆರೆಂದು ಬರೆದುಕೊಂಡರೆ? ಬರೆದುಕೊಂಡವನು ಜೇಬಿನಲ್ಲಿಟ್ಟು ಮರೆತರೆ? ತಿಂಗಳಾನುಗಟ್ಟಲೆ ಭೂತಗನ್ನಡಿ ಹಿಡಿದು ನೋಡಿದ್ದನ್ನೇ ಒಂದು ಹಾಳೆ ನೆಕ್ಕಿಕೊಂಡು ಹೋಯಿತು. ಇನ್ನು ಆ ಪೊಲೀಸಿನವನ ಪೆನ್ಸಿಲನ್ನು ಹೇಗೆ ನಂಬಲಿ?

ನಿನ್ನ ಕಾಗದ ಹತ್ತು ದಿನ ಹಳೆಯದು. ಹದಿಮೂರು ದಿನದಿಂದ ಅವಳು ಅದರಲ್ಲಿದ್ದಾಳೆ. ಇದ್ದಾಳೆ ಎಂದೇ ಬರೆಯುತ್ತೇನೆ.

ಅಕ್ಕ

*

ಬಾಯಾನ್ ಲೆಪಾಸ್
1 ಆಗಸ್ಟ್ 1988

ಲಿಯೋಂಗ್,

ಉತ್ತರವಿಲ್ಲ. ದಿನಾ ತಂತಿ ಕಚೇರಿಗೆ ಹೋಗುತ್ತೇನೆ. ಆ ಗುಮಾಸ್ತ ಈಗ ನನ್ನನ್ನು ಕಂಡರೆ ದೂರದಿಂದಲೇ ತಲೆ ಅಲ್ಲಾಡಿಸುತ್ತಾನೆ. ಲಂಗೀರಿನ ರೇಡಿಯೋ ಎರಡು ದಿನದಿಂದ ಮಾತಾಡುತ್ತಿಲ್ಲವಂತೆ. ತಂತಿ ಅದಕ್ಕೆ ಮುಂಚೆ ಮುಟ್ಟಿತೋ ಇಲ್ಲವೋ ಅವನಿಗೆ ಗೊತ್ತಿಲ್ಲ.

ಯಾಪ್ ಅವರ ಕೋಣೆಗೆ ಹೋಗಿ ನಿನ್ನ ಕಾಗದವನ್ನು ಮೇಜಿನ ಮೇಲಿಟ್ಟೆ. ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಓದಿದರು. ಆಮೇಲೆ ಟೆಲೆಕ್ಸ್ ಯಂತ್ರದ ಮುಂದೆ ತಾವೇ ಕೂತು, ಪುಸ್ತಕ ಕೊಂಡ ಒಂದೊಂದೇ ಕಂಪನಿಗೆ ಒಂಬತ್ತನೆಯ ಪಿನ್ನಿನ ವಿಷಯ ಕಳಿಸತೊಡಗಿದರು. ಊಟಕ್ಕೂ ಏಳಲಿಲ್ಲ. ಟೆಲೆಕ್ಸ್ ಇಲ್ಲದವರಿಗೆ ನಾನೂ ನೊರ್ಮಾನೂ ಕಾರ್ಡು ಬರೆದೆವು. ನನ್ನ ತಮ್ಮನ ಮಗಳು ಎಂದ ಮೇಲೆ ಇದು ಬೇಕಾಯಿತಲ್ಲ, ಎರಡು ವಾರದ ಹಿಂದೆ ಬೇರೆಯವರಿಗೆ ಮಕ್ಕಳಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನಾನೂ ಅವತ್ತು ಎಕ್ಸ್‌ಪ್ರೆಸ್ ಟಪಾಲು ಸಾಕು ಎಂದವಳೇ ಅಲ್ಲವೇ.

ಕರುಣಾದೇವಿಯ ಗುಡಿಗೆ ಹೋಗಿದ್ದೆ. ಊದುಬತ್ತಿ ಹಚ್ಚಿ ನಿಂತರೆ ಏನು ಬೇಡಬೇಕೆಂದೇ ತೋಚಲಿಲ್ಲ. ಪ್ರೋಗ್ರಾಮು ಮರಗಟ್ಟದಿರಲಿ ಎಂದು ದೇವಿಗೆ ಹೇಗೆ ಹೇಳುವುದು? ಪಕ್ಕದಲ್ಲಿದ್ದ ಮುದುಕಿ, "ಬಾಯಿ ಬಿಟ್ಟು ಹೇಳಮ್ಮಾ, ಅವಳಿಗೆ ಎಲ್ಲಾ ಅರ್ಥ ಆಗುತ್ತೆ," ಎಂದಳು. "ಹೀಟರ್ ಆರಿಸು ತಾಯಿ," ಎಂದೆ.

ನಿನ್ನ ಮದುವೆಗೆ ನಾನು ಬರಲಿಲ್ಲ. ಟಿಕೆಟು ಕೊಂಡಿದ್ದೆ, ಬಟ್ಟೆಯನ್ನೂ ಕಟ್ಟಿದ್ದೆ. ಅಂದು ಬೆಳಿಗ್ಗೆ ಹಟ ಬಂತು, ಅವನೇ ಬಂದು ಕರೆಯಲಿ ಎಂದು ಕೂತುಬಿಟ್ಟೆ. ನಿನ್ನ ಹೆಂಡತಿಯ ಮುಖವನ್ನು ನಾನು ಇನ್ನೂ ನೋಡಿಲ್ಲ. ಗಾಜಿಗೆ ಹಣೆ ಹಚ್ಚಿ ಕೂತವಳು ಎಂದು ಬರೆದಿದ್ದೆಯಲ್ಲ, ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ, ಮುಖ ಮಾತ್ರ ಇಲ್ಲ.

ಒಂದೇ ಒಂದು ಸಾಲು ಬರೆ. ಏನೇ ಆಗಿರಲಿ ಬರೆ.

ಅಕ್ಕ

*

ಲಂಗೀರ್
2 ಆಗಸ್ಟ್ 1988

ಅಕ್ಕಾ,

ಇದ್ದಾಳೆ. ಮೊದಲು ಅದನ್ನು ಓದಿಕೋ. ಇದ್ದಾಳೆ.

ತಂತಿ ಶುಕ್ರವಾರ ಮಧ್ಯಾಹ್ನ ಬಂತು. ಠಾಣೆಯ ಪೊಲೀಸಿನವನು ಸೈಕಲ್ಲಿನಲ್ಲಿ ಬಂದು, "ಯಾರೋ ಕಾವಲುಗಾರ ಡ್ಯೂಟಿ ಮೇಲೆ ಮಲಗಿದಾನಂತೆ, ನಿಮ್ಮಕ್ಕ ದೂರು ಕೊಟ್ಟಿದಾರೆ," ಎಂದು ನಗುತ್ತಾ ಚೀಟಿ ಕೊಟ್ಟ. ನಾನು ಅವನನ್ನು ತಳ್ಳಿಕೊಂಡೇ ವಾರ್ಡಿಗೆ ಓಡಿದೆ. ಮುಚ್ಚಳ ತೆಗೆದು ಅವಳನ್ನು ಎತ್ತಿ ಮೀ ಹ್ವಾಳ ಎದೆಗೆ ಇಟ್ಟೆ. ಬರಿ ಮೈಗೆ ಬರಿ ಮೈ, ಮೇಲೆ ಎರಡು ಕಂಬಳಿ. ಬೆಸೆಯುವಾಗ ಬುಲಾನ್ ಬೋರ್ಡು ಹಿಡಿದುಕೊಂಡಳು. ಪಿನ್ನು ಐದು ವೋಲ್ಟಿಗೆ ಹೋಯಿತು. ಖಾಲಿ ಪೆಟ್ಟಿಗೆ ಹಚ್ಚಿಟ್ಟು ಕಾದೆವು.

ಹಗಲು ನಮಗೆ ಪೇಟೆಯ ಕರೆಂಟು. ಮುಸ್ಸಂಜೆಗೆ ಅದು ಹೋಗಿ ಆಸ್ಪತ್ರೆಯ ಜನರೇಟರ್ ಶುರುವಾಗುತ್ತದೆ. ಬದಲಾಗುವಾಗ ದೀಪಗಳು ಒಮ್ಮೆ ಕುಗ್ಗಿ, ಮಿಂಚಿ, ಸರಿಹೋಗುತ್ತವೆ. ಬೆಳಿಗ್ಗೆ ಪೇಟೆಯ ಕರೆಂಟಿಗೆ ಮರಳುವಾಗ ಹೀಗಾಗುವುದಿಲ್ಲ. ಅವತ್ತು ದೀಪ ಕುಗ್ಗಿ ಮಿಂಚಿದ ಕೂಡಲೇ ಪೆಟ್ಟಿಗೆಯ ಗಂಟೆ ಹೊಡೆಯಿತು ಅಕ್ಕಾ. ನಾನು ಎಂದೂ ಕೇಳಿರದ ಸದ್ದು. ಪ್ರೋಗ್ರಾಮು ಮರಗಟ್ಟಿತ್ತು, ಕಾವಲುಗಾರ ಎಬ್ಬಿಸಿದ. ಮರುದಿನ ನನಗೆ ತಡೆಯಲಾಗಲಿಲ್ಲ. ಖಾಲಿ ಪೆಟ್ಟಿಗೆಯಲ್ಲಿ ಜ್ವರ ನೋಡುವ ಕಡ್ಡಿ ಇಟ್ಟು, ಪಿನ್ನನ್ನು ಮತ್ತೆ ಗ್ರೌಂಡಿಗೆ, ನಿನ್ನ ಪುಸ್ತಕದಲ್ಲಿದ್ದ ಹಾಗೆಯೇ ಬೆಸೆದೆ. ದೀಪ ಕುಗ್ಗಿತು, ಮಿಂಚಿತು. ಗಂಟೆಯಿಲ್ಲ. ಹೀಟರ್ ಆರಲಿಲ್ಲ. ಕಡ್ಡಿಯ ಪಾದರಸ ಏರಿತು, ಏರುತ್ತಲೇ ಹೋಯಿತು, ಕಡ್ಡಿಯ ತುದಿ ಮುಟ್ಟಿತು. ಮುಂದಿನ ಫಲಕದ ಮೇಲೆ ಮಾತ್ರ ಮೂವತ್ತನಾಲ್ಕು ಎಂದೇ ಕೆಂಪಗೆ ಉರಿಯುತ್ತಿತ್ತು. ನಾನು ಅದನ್ನೇ ನೋಡಿ ನೆಮ್ಮದಿಪಟ್ಟುಕೊಳ್ಳುತ್ತಿದ್ದೆ. ಬುಲಾನ್ ವೈರು ಕಿತ್ತೆಸೆದಳು.

ಹಾಗಾದರೆ ಇಷ್ಟು ದಿನ ಅವಳು ಹೇಗೆ ಉಳಿದಳು ಎಂದು ಕೇಳುತ್ತೀಯ. ಹಿಂದಿನ ಕಾಗದದಲ್ಲಿ ಬರೆಯದೆ ಬಿಟ್ಟ ಒಂದು ವಿಷಯವಿದೆ. ಬರೆಯಲು ನಾಚಿಕೆಯಾಗಿತ್ತು, ನೀನು ನಮ್ಮನ್ನು ಹಳ್ಳಿಗುಗ್ಗುಗಳು ಎಂದು ನಗುತ್ತೀಯೆಂದು. ದಿನಾ ಮುಸ್ಸಂಜೆ ಮೀ ಹ್ವಾ ಮಗುವನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯುತ್ತಿದ್ದಳು. "ದೀಪ ಸಣ್ಣಗಾಗೋ ಹೊತ್ತಲ್ಲಿ ಮಗು ಒಂಟಿಯಾಗಿ ಇರಬಾರ್ದು," ಎನ್ನುವುದು. ಎದೆಗೆ ಒತ್ತಿಕೊಂಡು ಕೂರುವುದು, ದೀಪ ನೆಟ್ಟಗಾದ ಮೇಲೆ ಮಲಗಿಸುವುದು. ಮುಚ್ಚಳ ತೆಗೆದಾಗಲೆಲ್ಲ ಪೆಟ್ಟಿಗೆ ಆರಿಸಿ ಮತ್ತೆ ಹಚ್ಚಬೇಕೆಂಬುದು ಬುಲಾನಳ ಪದ್ಧತಿ. ಮಗುವನ್ನು ಮತ್ತೆ ಮಲಗಿಸುವ ಮುನ್ನ ಹಾಗೆ ಆರಿಸಿ ಹಚ್ಚಿದಾಗ ಪ್ರೋಗ್ರಾಮು ಹೊಸದಾಗಿ ಶುರುವಾಗುತ್ತಿತ್ತು. ದಿನಾ ಸಂಜೆ ನನ್ನ ಪೆಟ್ಟಿಗೆ ಸಾಯುತ್ತಿತ್ತು, ದಿನಾ ಸಂಜೆ ಅವರಿಬ್ಬರೂ ಗೊತ್ತಿಲ್ಲದೆ ಅದನ್ನು ಎಬ್ಬಿಸುತ್ತಿದ್ದರು.

ನಾನೇನು ಮಾಡುತ್ತಿದ್ದೆ ಗೊತ್ತೇ? ಅವಳೊಂದಿಗೆ ಜಗಳವಾಡುತ್ತಿದ್ದೆ. "ಥಂಡಿ ಹತ್ತಿ ಸಾಯುತ್ತೆ ಕಣೇ, ಯಾವ ಕಾಲದಲ್ಲಿದ್ದೀಯಾ?" ಎಂದು ಬೈಯುತ್ತಿದ್ದೆ. ಕೊನೆಗೆ ಡಾಕ್ಟರಿಂದಲೂ ಹೇಳಿಸಿದೆ. ಆ ಶುಕ್ರವಾರ ಬೆಳಿಗ್ಗೆ ಮುಚ್ಚಳಕ್ಕೆ ಬೀಗ ಹಾಕಿ ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಂಡೆ. ಮೀ ಹ್ವಾ ಕಾಲಿಗೆ ಬಿದ್ದಳು. ನಾನು ಕೇಳಲಿಲ್ಲ. "ಇವತ್ತಿನಿಂದ ನಿನ್ನ ಗೊಡ್ಡು ನಂಬಿಕೆ ಬಂದ್," ಎಂದೆ. ಪೊಲೀಸಿನವನು ಬಂದದ್ದು ಅವತ್ತೇ ಮಧ್ಯಾಹ್ನ. ಅವನು ದಾರಿಯಲ್ಲಿ ಎಲ್ಲೋ ಕಾಫಿಗೆ ಕೂತಿದ್ದರೆ ಸಂಜೆ ಆಗುತ್ತಿತ್ತು.

ಪೆಟ್ಟಿಗೆಗೆ ಈಗ ಏನೂ ಆಗಿಲ್ಲ. ಪಿನ್ನು ಸರಿಯಿದೆ, ದಿನಾ ಸಂಜೆ ಗಂಟೆ ಹೊಡೆಯುತ್ತದೆ, ತಾನೇ ಏಳುತ್ತದೆ. ಖಾಲಿ ಉರಿಯುತ್ತಿದೆ. "ರಾತ್ರಿ ಚಳಿಗೆ ಎದೆ ಬಿಸಿ ಸಾಲ್ದು, ಮಗೂನ ಒಳಗೆ ಹಾಕು," ಎಂದು ಡಾಕ್ಟರ್ ದಿನಾ ಗದರುತ್ತಾರೆ. ಅವರು ಹೇಳುವುದು ನಿಜ, ನಿನ್ನೆ ಅವಳ ಪಾದ ತಣ್ಣಗಾಗಿತ್ತು. ಮೀ ಹ್ವಾ ಮಗುವಿನ ಪಾದ ತಿಕ್ಕುತ್ತಾ ಕೂರುತ್ತಾಳೆ. ನನ್ನ ಮುಖ ನೋಡುತ್ತಾಳೆ, ಅಷ್ಟೇ. ಹಾಕು ಎನ್ನಲು ನನಗೆ ಬಾಯಿ ಬರುವುದಿಲ್ಲ, ಬೇಡ ಎನ್ನಲೂ ಬರುವುದಿಲ್ಲ. ಸರದಿಯ ಮೇಲೆ ಎದೆಗೆ ಕಟ್ಟಿಕೊಳ್ಳುತ್ತಿದ್ದೇವೆ. ಈಗ ನನ್ನ ಸರದಿ. ಅಂಗಿಯೊಳಗೆ ಮಲಗಿದ್ದಾಳೆ, ಅದಕ್ಕೇ ಅಕ್ಷರ ಸೊಟ್ಟಗಿದೆ.

ತಂತಿಗೆ ಉತ್ತರ ಕೊಡಲು ಠಾಣೆಗೆ ಹೋದೆ. ಅಷ್ಟರಲ್ಲಿ ರೇಡಿಯೋ ಕೆಟ್ಟಿತ್ತು. ಇದು ಸಣ್ಣ ದೋಣಿಯಲ್ಲಿ ಬರುತ್ತದೆ. ಅಕ್ಕಾ, ನೀನು ಹೇಳು. ನೀನು ಹಾಕು ಎಂದರೆ ಹಾಕುತ್ತೇನೆ.

ಲಿಯೋಂಗ್

*

ತಂತಿ
ಪಿನಾಂಗ್, 10 ಆಗಸ್ಟ್ 1988

ಹೊರಟಿದ್ದೇನೆ. ದೋಣಿ ಇಲ್ಲದಿದ್ದರೆ ದಡ ಹಿಡಿದು ನಡೆದು ಬರುತ್ತೇನೆ. ಪಿನ್ ಒಂಬತ್ತನ್ನು ನಾನು ಕಣ್ಣಾರೆ ನೋಡುವವರೆಗೆ ಮಗುವನ್ನು ಒಳಗೆ ಹಾಕಬೇಡ. ಮೂರನೆಯ ಎದೆ ಬರುತ್ತಿದೆ ಎಂದು ಮೀ ಹ್ವಾಗೆ ಹೇಳು. ಅಕ್ಕ.